ಕಣ್ಣು ಕಾಣದ ಪ್ರೇಕ್ಷಕರು ನಾಟಕಕ್ಕೆ ಬಂದರೆ ಏನೇನು ಸಿದ್ಧತೆ ಬೇಕು?

ನಿಮ್ಮ ಹವ್ಯಾಸಿ ತಂಡದ ನಾಟಕಕ್ಕೆ ಅಂಧ ಮಕ್ಕಳ ಶಾಲೆಯ ಹೈಸ್ಕೂಲ್ ಹುಡುಗರು ಬರುತ್ತಾರೆ, ಹೊರಗೆ ಚಿತ್ರಪ್ರದರ್ಶನವೂ ಇದೆ, ಅವರಿಗಾಗಿ ಏನು ಮಾಡಬೇಕು, ಅವರಿಂದ ಟಿಕೆಟ್ ದುಡ್ಡು ತಗೋಬೇಕಾ ಬೇಡ್ವಾ ಅಂತ ಕೇಳಿದ್ದೀರಿ. ನನಗೆ ಹತ್ತನೇ ಕ್ಲಾಸಿನ ಹೊತ್ತಿಗೆ ದೃಷ್ಟಿ ಹೋಯಿತು, ನಾಟಕದ ಹುಚ್ಚು ಹೋಗಲಿಲ್ಲ. ಹಾಗಾಗಿ ಪ್ರೇಕ್ಷಕನಾಗಿಯೇ ಹೇಳುತ್ತೇನೆ.

ನಾಟಕವನ್ನು ಬದಲಾಯಿಸಲು ಹೋಗಬೇಡಿ. ಮಾತು, ಹಾಡು ನಮಗೆ ಕೇಳಿಸುತ್ತವೆ. ತೊಂದರೆ ಇರುವುದು ಮಾತಿಲ್ಲದ ಕಡೆ. ಇಡೀ ಹಾಲ್ ಗೊಳ್ಳೆಂದು ನಗುತ್ತದೆ, ಯಾಕೆ ಅಂತ ನನಗೆ ಗೊತ್ತಾಗುವುದಿಲ್ಲ. ಪಕ್ಕದವರನ್ನು ಕೇಳಿದರೆ ಅವರು ಪಾಪ ಪಿಸುಗುಟ್ಟುತ್ತಾರೆ, ಅಷ್ಟರಲ್ಲಿ ಮುಂದಿನ ಮಾತು ಇಬ್ಬರಿಗೂ ತಪ್ಪಿಹೋಗಿರುತ್ತದೆ. ಇನ್ನೊಂದು ತಲೆನೋವು ದನಿಯದು. ಒಂದೇ ವಯಸ್ಸಿನ ನಾಲ್ಕು ಗಂಡಸರು ಮಾತಾಡುತ್ತಿದ್ದರೆ ಯಾರು ಯಾರು ಅಂತ ಬಿಡಿಸಿಕೊಳ್ಳುವುದರಲ್ಲೇ ಮೊದಲ ದೃಶ್ಯ ಮುಗಿಯುತ್ತದೆ.

ಅದಕ್ಕೆ ಹುಡುಗರನ್ನು ಒಂದು ಗಂಟೆ ಮುಂಚೆ ಕರೆಸಿ, ರಂಗದ ಮೇಲೆ ಹತ್ತಿಸಿ. ಬಾಗಿಲಿನಿಂದ ಮಂಚಕ್ಕೆ ಎಷ್ಟು ಹೆಜ್ಜೆ, ಮೆಟ್ಟಿಲು ಎಲ್ಲಿದೆ, ನಡೆದೇ ತಿಳಿದುಕೊಳ್ಳಲಿ. ಕಿರೀಟ, ಕತ್ತಿ, ಸೀರೆಯ ಅಂಚು ಮುಟ್ಟಲಿ. ಕತ್ತಿ ರಟ್ಟಿನದು ಅಂತ ಗೊತ್ತಾದರೆ ಮಜಾ ಕಮ್ಮಿಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಆಮೇಲೆ ಒಬ್ಬೊಬ್ಬ ನಟರೂ ಮುಂದೆ ಬಂದು ಪಾತ್ರದ ಹೆಸರು, ಏನು ತೊಟ್ಟಿದ್ದೇನೆ ಅನ್ನುವುದು, ಪಾತ್ರದ ದನಿಯಲ್ಲೇ ಒಂದು ಸಾಲು, ಇಷ್ಟು ಹೇಳಿಬಿಡಲಿ. ಖರ್ಚು ಸೊನ್ನೆ. ಯಕ್ಷಗಾನದ ಚೌಕಿಗೆ ಹೋಗಿ ವೇಷ ಕಟ್ಟುವುದನ್ನು ನೋಡುವ ರೂಢಿ ನಮ್ಮಲ್ಲಿ ಇದ್ದೇ ಇದೆ ಅಲ್ವಾ? ಅದನ್ನೇ ಕೈಗೂ ಕೊಡಿ.

ಇನ್ನು ಆಟದ ನಡುವೆ ಮಾತಿಲ್ಲದ ಕಡೆ ಏನಾಗುತ್ತಿದೆ ಅಂತ ಒಬ್ಬರು ನಮ್ಮ ಕಿವಿಗಷ್ಟೇ ಹೇಳುವುದು. ಇದಕ್ಕೆ ಆಡಿಯೋ ಡಿಸ್ಕ್ರಿಪ್ಷನ್ ಅನ್ನುತ್ತಾರೆ. ವಾಷಿಂಗ್ಟನ್‌ನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ 1981ರಲ್ಲೇ ಶುರುವಾಗಿತ್ತು. ಅದನ್ನು ರೂಪಿಸಿದ ಮಾರ್ಗರೆಟ್ ಫ್ಯಾನ್‌ಸ್ಟೀಲ್ ಸ್ವತಃ ಅಂಧರು. ಟೂರಿಸ್ಟ್ ಗೈಡ್‌ಗಳು ಬಳಸುವ ವೈರ್‌ಲೆಸ್ ಸೆಟ್ ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಫೋನಿನ ಗ್ರೂಪ್ ಕಾಲ್ ಸಾಕು, ಆದರೆ ಹಾಲ್ ಒಳಗೆ ನೆಟ್‌ವರ್ಕ್ ಬರುತ್ತದಾ, ದನಿ ತಡವಾಗಿ ಬರುತ್ತದಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ಇಯರ್‌ಫೋನ್ ಒಂದೇ ಕಿವಿಗೆ, ಇನ್ನೊಂದು ಕಿವಿ ರಂಗಕ್ಕೆ. ಹೇಳುವವರು ಲೈಟ್ ಆಪರೇಟರ್ ಜೊತೆ ಗಾಜಿನ ಹಿಂದೆ ಕೂರಲಿ.

ಯಾರು ಹೇಳಬೇಕು? ತಾಲೀಮನ್ನು ಹಲವು ಸಲ ನೋಡಿದವರು, ಮುಖ್ಯವಾಗಿ ಬಾಯಿ ಹಿಡಿತದಲ್ಲಿರುವವರು. ಕಂಡದ್ದನ್ನು ಹೇಳಬೇಕು, ಅರ್ಥ ಹೇಳಬಾರದು. "ಅವಳಿಗೆ ಸಿಟ್ಟು ಬಂತು" ಅನ್ನಬೇಡಿ, "ಪತ್ರ ಹರಿದಳು, ಚೂರುಗಳನ್ನು ಅವನ ಕಾಲ ಬಳಿ ಎಸೆದಳು" ಅನ್ನಿ. ಸಿಟ್ಟು ನಮಗೆ ತಾನಾಗೇ ತಿಳಿಯುತ್ತದೆ. ನಟರ ಮಾತಿನ ಮೇಲೆ ಮಾತು ಬೀಳಬಾರದು. ಸಮಯ ಸಾಲದಿದ್ದರೆ ಬಿಟ್ಟುಬಿಡಿ. ಎಲ್ಲವನ್ನೂ ಹೇಳಲು ಹೊರಡುವವರು ಕ್ರಿಕೆಟ್ ಕಾಮೆಂಟರಿ ಮಾಡಿಬಿಡುತ್ತಾರೆ, ಅದಕ್ಕಿಂತ ಸುಮ್ನಿರುವುದು ವಾಸಿ.

ಚಿತ್ರಗಳದು ಕಷ್ಟ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ 2015ರಲ್ಲಿ ಆರು ಚಿತ್ರಗಳ ಉಬ್ಬು ಪ್ರತಿ ಮಾಡಿಸಿ ಮುಟ್ಟಲು ಬಿಟ್ಟಿತ್ತು. ಅದೇ ವರ್ಷ ದೆಹಲಿಯ ನ್ಯಾಷನಲ್ ಮ್ಯೂಸಿಯಂನಲ್ಲೂ ಮುಟ್ಟಿ ನೋಡುವ ಗ್ಯಾಲರಿ ತೆರೆಯಿತು. ನಿಮಗೆ ಅಷ್ಟೆಲ್ಲ ಬೇಡ. ಎರಡೇ ಚಿತ್ರ ಆರಿಸಿ, ರಟ್ಟಿನ ಮೇಲೆ ಗೆರೆಗಳಿಗೆ ಹುರಿ ಅಂಟಿಸಿ. ಸುಮ್ನೆ ಕೈಗೆ ಕೊಟ್ಟರೆ ಮಾತ್ರ ಏನೂ ಅರ್ಥವಾಗುವುದಿಲ್ಲ, ಯಾಕೆಂದರೆ ಬೆರಳಿಗೆ ಚಿತ್ರ ತುಂಡು ತುಂಡಾಗಿ ಸಿಗುತ್ತದೆ. ಜೊತೆಗೆ ನಿಂತು ಮೊದಲು ಇಡೀ ಚಿತ್ರ ಏನು ಅಂತ ಹೇಳಿ, ಆಮೇಲೆ ಎಡಗಡೆ ಮರ, ಬಲಗಡೆ ಬಾವಿ ಅಂತ ಹೋಗಿ. ಬಣ್ಣಗಳನ್ನೂ ಹೇಳಿ, ಸಂಕೋಚ ಬೇಡ. ನನ್ನ ಹಾಗೆ ಆಮೇಲೆ ದೃಷ್ಟಿ ಕಳೆದುಕೊಂಡವರಿಗೆ ನೆನಪಿರುತ್ತದೆ, ಹುಟ್ಟಿನಿಂದ ಕಾಣದವರಿಗೂ ಕೆಂಪು ಸೀರೆ ಯಾವಾಗ ಉಡುತ್ತಾರೆ ಅಂತ ಗೊತ್ತಿರುತ್ತದೆ. ಸಿಕ್ಕರೆ ಒಂದು ತೊಗಲುಗೊಂಬೆಯನ್ನೂ ಇಡಿ. ಅದರ ತೂತುಗಳಲ್ಲಿ ಒಡವೆ, ಅಂಚು ಎಲ್ಲ ಬೆರಳಿಗೆ ಸಿಗುತ್ತವೆ.

ಆ ಹುಡುಗರಲ್ಲಿ ಒಂದಿಬ್ಬರನ್ನು ತಾಲೀಮಿಗೇ ಕರೆಯಿರಿ. ಎಲ್ಲಿ ವಿವರಣೆ ಬೇಕು, ಎಲ್ಲಿ ಬೇಡ ಅಂತ ಅವರೇ ಹೇಳುತ್ತಾರೆ. ಅಂಧರು ಅಂದರೆ ಬರೀ ಪ್ರೇಕ್ಷಕರು ಅಂದುಕೊಳ್ಳಬೇಡಿ. ಗದಗದ ಪುಟ್ಟರಾಜ ಗವಾಯಿಗಳು ನಾಟಕ ಬರೆದು, ಕಂಪನಿ ನಡೆಸಿದವರು. ನಿಮ್ಮ ತಂಡಕ್ಕೆ ಹಾರ್ಮೋನಿಯಂ ನುಡಿಸುವವರು ಬೇಕಿದ್ದರೆ ಆ ಶಾಲೆಯಲ್ಲೇ ಸಿಕ್ಕಾರು.

ಟಿಕೆಟ್ ದುಡ್ಡು ತಗೊಳ್ಳಿ. ಬೇರೆ ವಿದ್ಯಾರ್ಥಿಗಳಿಗೆ ಇರುವ ರೇಟೇ ಇರಲಿ. ಜೊತೆಗೆ ಬರುವ ಮೇಷ್ಟ್ರಿಗೆ ಬೇಕಾದರೆ ಫ್ರೀ ಬಿಡಿ.