ಸಮಾಧಾನ ಹೇಳುವುದು, ಸಮಾಧಾನ ಆಗುವುದು

ಗೌರವಾನ್ವಿತ ಅಕ್ಕನವರಿಗೆ ನಮಸ್ಕಾರ.

ಜಗಳೂರಿನಿಂದ ನೀವು ಬರೆದ ನಾಲ್ಕು ಪುಟದ ಕಾಗದವನ್ನು ಮೂರು ಸಲ ಓದಿದೆ. ನಿಮ್ಮ ಹೆಸರು ಬೇಡ. ಇದೇ ಸಂಕಟದಲ್ಲಿರುವ ಬೇರೆ ಓದುಗರಿಗಾಗಿ ವಿಷಯವನ್ನಷ್ಟೇ ಹೇಳುತ್ತೇನೆ. ನೀವು ನಿವೃತ್ತ ಶಿಕ್ಷಕಿ. ಹೊಳಲ್ಕೆರೆ ತಾಲ್ಲೂಕಿನಲ್ಲಿರುವ ನಿಮ್ಮ ತಮ್ಮನ ಅಡಿಕೆ ತೋಟದ ಎರಡು ಕೊಳವೆಬಾವಿ ಬತ್ತಿದವು. ಸಾಲ ಮಾಡಿ ಮೂರನೆಯದನ್ನು 800 ಅಡಿ ಕೊರೆಸಿದರೂ ಬರೀ ಧೂಳು ಬಂತು. ಮೂರು ತಿಂಗಳಿಂದ ಅವರು ಜಗಲಿ ಬಿಟ್ಟು ಏಳುತ್ತಿಲ್ಲ. ನೀವು ಹೋಗಿ, ‘ನಮಗಿಂತ ಕಷ್ಟದಲ್ಲಿರುವವರನ್ನು ನೋಡು, ಬಂದದ್ದು ಹೋಗುತ್ತದೆ, ಮನಸ್ಸು ಗಟ್ಟಿ ಮಾಡಿಕೋ’ ಎಂದು ಎರಡು ಗಂಟೆ ಹೇಳಿ ಬಂದಿರಿ. ಅಂದಿನಿಂದ ಅವರು ನಿಮ್ಮ ಫೋನ್ ಎತ್ತುತ್ತಿಲ್ಲ. ‘ಊರಿನವರ ಜಗಳಗಳನ್ನೆಲ್ಲ ಬಗೆಹರಿಸಿದವಳು ನಾನು. ಒಡಹುಟ್ಟಿದವನಿಗೆ ಸಮಾಧಾನ ಹೇಳಲಾಗಲಿಲ್ಲ. ನನಗೂ ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಎಲ್ಲಿ ತಪ್ಪಿದೆ?’ ಎಂದು ಕೇಳಿದ್ದೀರಿ.

ನೀವು ಆಡಿದ ಮಾತು ಒಂದೂ ಸುಳ್ಳಲ್ಲ. ಆದರೆ ಆ ಎರಡು ಗಂಟೆಯಲ್ಲಿ ನಿಮ್ಮ ತಮ್ಮ ಏನು ಹೇಳಿದರು ಎಂಬುದು ನಾಲ್ಕು ಪುಟಗಳಲ್ಲಿ ಒಂದು ಸಾಲೂ ಇಲ್ಲ. ಮೂರನೆಯ ಸಲ ಓದಿದಾಗ ನನಗೆ ಕಂಡದ್ದು ಅದು.

ನಮ್ಮ ಮಾತಿನಲ್ಲಿ ‘ಸಮಾಧಾನ ಹೇಳುವುದು’ ಎಂದೂ ಇದೆ, ‘ಸಮಾಧಾನ ಆಗುವುದು’ ಎಂದೂ ಇದೆ. ಮೊದಲನೆಯದು ನಡೆದರೆ ಎರಡನೆಯದು ತಾನಾಗಿ ಬರುತ್ತದೆಂದು ನಾವು ನಂಬಿಬಿಟ್ಟಿದ್ದೇವೆ. ನಾನೂ ನಂಬಿದ್ದೆ. ನನ್ನ ತಂದೆ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಪಾಳಿಯ ಕೆಲಸಗಾರರು. ಗಿರಣಿ ಮುಚ್ಚಿದಾಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಸೈರನ್ನಿನ ಹೊತ್ತಿಗೆ ಏಳುವ ಅಭ್ಯಾಸ ಹೋಗದೆ, ಎದ್ದು, ಅಂಗಿ ತೊಟ್ಟು, ಕಟ್ಟೆಯ ಮೇಲೆ ಕೂರುತ್ತಿದ್ದರು. ಬಂದವರೆಲ್ಲ ಬುದ್ಧಿ ಹೇಳಿದರು: ಅಂಗಡಿ ಇಡು, ಮಂಡಕ್ಕಿ ಭಟ್ಟಿಗೆ ಹೋಗು, ದೇವರ ಮೇಲೆ ಭಾರ ಹಾಕು. ತಂದೆ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಅದೇ ಗಿರಣಿಯ ಜೊತೆಗಾರರೊಬ್ಬರು ಮಾತ್ರ ಸಂಜೆ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಚಹಾ ಕುಡಿಯುತ್ತಿದ್ದರು, ‘ಇವತ್ತು ಹೇಗಿತ್ತು?’ ಎಂದು ಕೇಳುತ್ತಿದ್ದರು. ಎಷ್ಟೋ ದಿನ ಉತ್ತರ ಬರುತ್ತಿರಲಿಲ್ಲ. ಒಂದು ಸಂಜೆ ತಂದೆ, ‘ಮಕ್ಕಳು ಫೀಸು ಕೇಳುವಾಗ ನನ್ನ ಮುಖ ನೋಡುವುದಿಲ್ಲ ಕಣಯ್ಯಾ’ ಎಂದು ಅತ್ತರು. ಬಾಗಿಲ ಹಿಂದೆ ನಿಂತು ಕೇಳಿದ ಆ ಮಗ ನಾನೇ. ನಾವು ಅವರ ಸಂಕಟ ದುಡ್ಡಿನದೆಂದು ತಿಳಿದಿದ್ದೆವು. ಅದು ನಾಚಿಕೆಯದಾಗಿತ್ತು.

ಕೌನ್ಸೆಲಿಂಗ್ ಎಂಬುದಕ್ಕೆ ಕನ್ನಡದಲ್ಲಿ ‘ಆಪ್ತ ಸಮಾಲೋಚನೆ’ ಎನ್ನುತ್ತೇವಲ್ಲ, ಆ ಹೆಸರು ನನಗೆ ತುಂಬ ಇಷ್ಟ. ಹತ್ತಿರ ಕುಳಿತು ಕೂಡಿ ಯೋಚಿಸುವುದು; ಅದರಲ್ಲಿ ಹೇಳುವವರು, ಕೇಳಿಸಿಕೊಳ್ಳುವವರು ಎಂಬ ಮೇಲುಕೀಳಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಲೇಖನವೊಂದರಲ್ಲಿ, ನೊಂದವರಲ್ಲಿ ಬದಲಾವಣೆ ಬರಬೇಕಾದರೆ ಆಲಿಸುವವರಲ್ಲಿ ಏನಿರಬೇಕು ಎಂದು ವಿವರಿಸಿದರು. ಒಳಗೊಂದು ಹೊರಗೊಂದು ಇಲ್ಲದ ನಡತೆ, ಷರತ್ತಿಲ್ಲದ ಆದರ, ಎದುರಿಗಿರುವವರ ಕಣ್ಣಿನಿಂದ ಅವರ ಲೋಕವನ್ನು ನೋಡುವ ಅನುಭೂತಿ. ಬುದ್ಧಿಮಾತು ಆ ಪಟ್ಟಿಯಲ್ಲಿಲ್ಲ.

ಹಾಗಾದರೆ ಹೇಗೆ ಮಾತನಾಡಬೇಕು? ಅವರು ‘ಎಲ್ಲಾ ಮುಗಿಯಿತು’ ಎಂದರೆ, ‘ಹಾಗೆಲ್ಲ ಅನ್ನಬೇಡ’ ಎಂದು ತಡೆಯಬೇಡಿ. ‘ಇಪ್ಪತ್ತು ವರ್ಷ ಸಾಕಿದ ಮರಗಳು ಕಣ್ಣೆದುರು ಒಣಗುವುದನ್ನು ನೋಡಲಾಗುತ್ತಿಲ್ಲ, ಅಲ್ಲವೇ?’ ಎಂದು ಅವರ ಸಂಕಟಕ್ಕೆ ಹೆಸರು ಕೊಟ್ಟು ನೋಡಿ. ಹೆಸರು ತಪ್ಪಾಗಿದ್ದರೆ ಅವರೇ ತಿದ್ದುತ್ತಾರೆ. ಆ ತಿದ್ದುಪಡಿಯಲ್ಲಿಯೇ ನಿಜ ಹೊರಬರುತ್ತದೆ. ‘ಯಾಕೆ ಸಾಲ ಮಾಡಿದೆ?’ ಎಂಬ ಪ್ರಶ್ನೆ ಈಗ ಬೇಡ. ‘ಯಾಕೆ’ ಎಂದೊಡನೆ ಮನುಷ್ಯ ಕಟಕಟೆಯಲ್ಲಿ ನಿಂತಂತಾಗುತ್ತಾನೆ. ಮೌನ ಬಂದರೆ ಅದನ್ನು ತುಂಬಲು ಅವಸರಪಡಬೇಡಿ. ಶಿಕ್ಷಕರಿಗೆ ಇದು ಎಲ್ಲಕ್ಕಿಂತ ಕಷ್ಟ, ಬಲ್ಲೆ.

ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕು. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಯಾವುದರಲ್ಲಿಯೂ ಆಸಕ್ತಿ ಇಲ್ಲವೆಂದರೆ ಅದು ಖಿನ್ನತೆಯಾಗಿರಬಹುದು. ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಮನಸ್ಸು ಗಟ್ಟಿಯಿಲ್ಲದ್ದರ ಲಕ್ಷಣ ಅಲ್ಲವೇ ಅಲ್ಲ. ‘ಸಾಯಬೇಕು ಅನ್ನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಬೇಡ. ಒಳಗೇ ಬೇಯುತ್ತಿದ್ದವರಿಗೆ ಆ ಪ್ರಶ್ನೆ ಬಾಗಿಲು ತೆರೆದಂತೆ. ತೋಟದ ಮನೆಯಲ್ಲಿರುವ ಕೀಟನಾಶಕದ ಡಬ್ಬಿಗಳನ್ನು ತಮ್ಮನ ಹೆಂಡತಿಯ ಕೈಯಲ್ಲಿ ಇಂದೇ ಬೇರೆಡೆಗೆ ಸಾಗಿಸಿ, ಬೀಗ ಹಾಕಿಸಿ. ಆ ಪ್ರಶ್ನೆಗೆ ತಮ್ಮ ‘ಹೌದು’ ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯವರೂ ಕರೆ ಮಾಡಿ ಸಲಹೆ ಕೇಳಬಹುದು. ಮಾನಸಿಕ ಚಿಕಿತ್ಸೆ ದೊಡ್ಡ ಊರಿನವರದೆಂಬ ಸಂಕೋಚವೂ ಬೇಡ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಈ ಸೇವೆ ಕೊಟ್ಟು ನೋಡಿದ್ದು ಆಗ ನಮ್ಮ ಪಕ್ಕದಲ್ಲಿದ್ದ ಬಳ್ಳಾರಿ ಜಿಲ್ಲೆಯಲ್ಲಿ. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು.

ಈಗ ನಿಮ್ಮ ವಿಷಯ. ಕಾಗದದಲ್ಲಿ ನಿಮ್ಮ ಬಗ್ಗೆ ಇರುವುದು ಎರಡೇ ಸಾಲು, ಅದೂ ಕ್ಷಮೆ ಕೇಳುವ ಧಾಟಿಯಲ್ಲಿ. ಅಷ್ಟು ಜನರ ಜಗಳ ಕೇಳಿದ ನಿಮ್ಮನ್ನು ಕೇಳುವವರು ಯಾರಿದ್ದಾರೆ? ತರಬೇತಿ ಪಡೆದ ಸಮಾಲೋಚಕರೂ ತಮ್ಮ ಭಾರವನ್ನು ಇಳಿಸಲು ಹಿರಿಯ ಸಮಾಲೋಚಕರ ಬಳಿ ಹೋಗುತ್ತಾರೆ. ನಿಮಗೂ ಒಬ್ಬ ಗೆಳತಿ ಬೇಕು. ರಾತ್ರಿಯ ಚಿಂತೆಗಳನ್ನು ಸಂಜೆಯ ಬೆಳಕಿನಲ್ಲಿಯೇ ಒಂದು ಹಾಳೆಯ ಮೇಲೆ ಬರೆದಿಡಿ. ಎಚ್ಚರವಾದಾಗ ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ; ಎದೆಬಡಿತ ಇಳಿಯುತ್ತದೆ. ತಮ್ಮನ ತೋಟಕ್ಕೆ ನೀರು ತರುವುದು ನಿಮ್ಮ ಕೈಯಲ್ಲಿಲ್ಲ, ಅಕ್ಕ. ಅದು ನಿಮ್ಮ ಸೋಲೆಂದು ಎಣಿಸಬೇಡಿ. ಇಷ್ಟಾದರೂ ನಿದ್ದೆ ಬಾರದಿದ್ದರೆ ನೀವೂ ವೈದ್ಯರನ್ನು ಕಾಣಬೇಕು.

ಫೋನ್ ಎತ್ತದಿದ್ದರೂ ಇದೇ ಭಾನುವಾರ ಹೊಳಲ್ಕೆರೆಗೆ ಹೋಗಿ. ಸಣ್ಣವರಿದ್ದಾಗ ಅವರು ಇಷ್ಟಪಡುತ್ತಿದ್ದ ತಿಂಡಿ ಯಾವುದೋ ಅದನ್ನು ಕಟ್ಟಿಕೊಂಡು ಹೋಗಿ. ಜಗಲಿಯಲ್ಲಿ ಪಕ್ಕಕ್ಕೆ ಕುಳಿತು, ‘ಹೋದ ಸಲ ನಾನೇ ಮಾತನಾಡಿಬಿಟ್ಟೆ ತಮ್ಮಾ, ಇವತ್ತು ಕೇಳುವುದಕ್ಕೆ ಬಂದಿದ್ದೇನೆ’ ಎನ್ನಿ. ಅವರು ಏನೂ ಹೇಳದಿದ್ದರೆ ಸಂಜೆಯ ಬಸ್ಸಿನವರೆಗೆ ಸುಮ್ಮನೆ ಕುಳಿತು ಬನ್ನಿ, ಮುಂದಿನ ವಾರ ಮತ್ತೆ ಹೋಗಿ. ಹೋಗಿ ಬಂದ ಮೇಲೆ ನನಗೊಂದು ಕಾಗದ ಬರೆಯಿರಿ. ಈ ಸಲ ಅವರು ಹೇಳಿದ್ದೇನು ಎಂದು.

ನಿಮ್ಮ,
ಸಂಪಾದಕ
ದಾವಣಗೆರೆ