ಫಾದರ್‌ಗೆ ವರ್ಗವಾಗಿದೆ, ಸಹಿ ಹಾಕಲೇ?

ಪ್ರಶ್ನೆ: ನಮ್ಮ ಚರ್ಚಿನ ಫಾದರ್‌ಗೆ ವರ್ಗವಾಗಿದೆ. ಕಾಫಿ ತೋಟದ ಲೈನ್‌ಮನೆಗಳಲ್ಲಿರುವ ಕೂಲಿಯವರಿಗಾಗಿ ತಮಿಳು ಕಲಿತು, ತಿಂಗಳಿಗೊಂದು ತಮಿಳು ಪೂಜೆ (ಮಾಸ್) ಶುರು ಮಾಡಿದವರು ಅವರು. ಹುಡುಗರು ಸಹಿ ಸಂಗ್ರಹಿಸಿ, ಜೀಪು ಮಾಡಿಕೊಂಡು ಮೈಸೂರಿಗೆ ಬಿಷಪ್ ಹತ್ತಿರ ಹೊರಟಿದ್ದಾರೆ. ನಮ್ಮತ್ತೆ ‘ಬಿಷಪ್ಪರಿಗೆ ಎದುರಾಡಬಾರದು’ ಅನ್ನುತ್ತಾರೆ. ನಾನು ಸಹಿ ಹಾಕಲೇ?
– ಓದುಗರೊಬ್ಬರು, ಸಿದ್ದಾಪುರ, ಕೊಡಗು

ಉತ್ತರ: ಹಾಕಿ, ತಪ್ಪೇನಿಲ್ಲ. ಮನವಿ ಕೊಡುವುದು ಎದುರಾಟವಲ್ಲ ಅಂತ ಅತ್ತೆಗೆ ಹೇಳಿ. ನಮ್ಮ ಬೇಕು ಬೇಡಗಳನ್ನು ಗುರುಗಳಿಗೆ ತಿಳಿಸುವ ಹಕ್ಕು ನಮಗಿದೆ ಅಂತ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, 1983ರ ಕಾನೂನಿನಲ್ಲೇ ಇದೆ, 212ನೇ ವಿಧಿ.

ಆದರೆ ಸಹಿ ಹಾಕುವ ಮೊದಲು ಆ ಕಾಗದ ಓದಿ. ‘ನಮ್ಮ ಫಾದರನ್ನು ಕಳಿಸಬೇಡಿ’ ಅಂತಷ್ಟೇ ಬರೆದಿದ್ದರೆ ಜೀಪಿನ ಬಾಡಿಗೆ ದಂಡ. ಅವರನ್ನು ಇಂತಿಷ್ಟೇ ವರ್ಷಕ್ಕೆ ಅಂತ ನೇಮಿಸಿದ್ದರೆ, ಅವಧಿ ಮುಗಿದ ಮೇಲೆ ನಿಮ್ಮ ಮಾತಿಗೆ ಹೆಚ್ಚು ಬಲವಿರುವುದಿಲ್ಲ. ನಡುವೆಯೇ ಎತ್ತಿದ್ದರೆ ಮಾತು ಬೇರೆ. ಆಗ ತಮ್ಮ ಕಾರಣಗಳನ್ನು ಬರೆದು ತಿಳಿಸಲು ಫಾದರ್‌ಗೂ ಅವಕಾಶವಿದೆ. ಯಾವುದು ಅಂತ ಅವರನ್ನೇ ಕೇಳಿ. ಪಾಪ, ಅವರಿಗೆ ಹೋಗುವ ಮನಸ್ಸಿದೆಯೋ ಇಲ್ಲವೋ, ಅದನ್ನು ಯಾರಾದರೂ ಕೇಳಿದ್ದೀರಾ?

ನಾನು ಹಲವು ವರ್ಷ ನಮ್ಮ ಚರ್ಚಿನ ಪಾಲನಾ ಸಮಿತಿಯ ಕಾರ್ಯದರ್ಶಿಯಾಗಿದ್ದೆ. ಟೀಚರ್ ಅಲ್ವಾ, ಬರೆಯುವ ಕೆಲಸವೆಲ್ಲ ನನ್ನ ತಲೆಗೇ. ಒಬ್ಬ ಗುರುಗಳು ಹೋದಾಗ ಊರೆಲ್ಲ ಅತ್ತು, ಹಾರ ಹಾಕಿ, ಕೋಳಿ ಸಾರಿನ ಊಟ ಹಾಕಿಸಿ ಕಳಿಸಿದ್ದೆವು. ಯಾವ ತೋಟದಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಮನೆಗೆ ಪ್ರಸಾದ ಒಯ್ಯಬೇಕು ಎಂಬುದೆಲ್ಲ ಅವರ ತಲೆಯಲ್ಲಿತ್ತು. ಅದೂ ಅವರ ಜೊತೆ ಬಸ್ ಹತ್ತಿತು. ಹೊಸ ಗುರುಗಳಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಮದುವೆ, ಮರಣಗಳನ್ನು ಬರೆದಿಡುವ ಪುಸ್ತಕಗಳು ಸಿಕ್ಕವು. ಅವನ್ನು ಇಡುವುದು ಕಡ್ಡಾಯ. ಕಾಯಿಲೆಯವರ ಪಟ್ಟಿ ಇಡಬೇಕು ಅಂತ ಯಾರೂ ಹೇಳಿರಲಿಲ್ಲ.

ಹಾಗಾಗಿ ಮನವಿಯನ್ನು ಹೀಗೆ ತಿದ್ದಿ: ‘ತಮಿಳು ಪೂಜೆ ನಿಲ್ಲಬಾರದು. ತಮಿಳು ಬಲ್ಲವರನ್ನು ಕಳಿಸಿ. ಅದಾಗದಿದ್ದರೆ ತಿಂಗಳಿಗೊಮ್ಮೆ ಬೇರೆ ಚರ್ಚಿನಿಂದ ಒಬ್ಬರು ಬರಲಿ.’ ಇಂಥ ಮನವಿಯನ್ನು ಬಿಷಪ್ ಸುಲಭವಾಗಿ ಪಕ್ಕಕ್ಕಿಡಲಾರರು. ಲೈನ್‌ಮನೆಯವರ ಸಹಿಯೂ ಅದರಲ್ಲಿರಲಿ. ನಮ್ಮಲ್ಲಿ ಇಂಥ ಕಾಗದಕ್ಕೆ ತೋಟದ ಮಾಲೀಕರ ಸಹಿಯೇ ಮೊದಲು, ಕೂಲಿಯವರನ್ನು ಕೇಳುವುದೇ ಇಲ್ಲ. ಅದು ನನಗೆ ಹಿಡಿಸದ ಸಂಗತಿ.

ಇನ್ನು ಹೊಸ ಫಾದರ್. ನಮ್ಮದು ಮೈಸೂರು ಧರ್ಮಕ್ಷೇತ್ರ, ಅಂದರೆ ಮೈಸೂರು ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ. ಮಂಡ್ಯ, ಚಾಮರಾಜನಗರವೂ ಅದಕ್ಕೇ ಸೇರಿದ್ದು. ಬಯಲುಸೀಮೆಯಿಂದ ಬಂದವರಿಗೆ ಜುಲೈ ಮಳೆ ಹೊಸದು. ರೋಬಸ್ಟಾ ಕಾಫಿ ಕೊಯ್ಲಿನ ಸಮಯದಲ್ಲಿ ಭಾನುವಾರ ಬೆಂಚು ಖಾಲಿ ಕಂಡರೆ ಜನರಿಗೆ ಭಕ್ತಿ ಇಲ್ಲ ಅಂದುಕೊಂಡಾರು. ಮೊದಲೇ ಹೇಳಿಬಿಡಿ. ಗುರುಗಳು ಬದಲಾಗುವುದು ನಮಗೇನೂ ಹೊಸದಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ 1792ರದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆಸರೆ ಕೊಟ್ಟ ಕಾಲದ್ದು. ಅಂದಿನಿಂದ ಅಲ್ಲಿಗೆ ಎಷ್ಟು ಗುರುಗಳು ಬಂದು ಹೋಗಿಲ್ಲ!

ಪ್ರಶ್ನೆ: ಅಮ್ಮನ ವರ್ಷದ ಪೂಜೆ ಹೇಳಿಸಬೇಕು. ಕೈಯಲ್ಲಿ ದುಡ್ಡಿಲ್ಲ. ಕಾಣಿಕೆ ಕೊಡದೆ ಕೇಳಬಹುದಾ?
– ಓದುಗರೊಬ್ಬರು, ಸುಂಟಿಕೊಪ್ಪ

ಉತ್ತರ: ಧಾರಾಳವಾಗಿ ಕೇಳಿ. ಕಾಣಿಕೆ ಇಷ್ಟು ಅಂತ ಆಯಾ ಪ್ರಾಂತ್ಯದ ಬಿಷಪ್ಪರು ಗೊತ್ತು ಮಾಡಿರುತ್ತಾರೆ ನಿಜ. ಆದರೆ ಬಡವರಿಗಾಗಿ ಕಾಣಿಕೆ ಇಲ್ಲದೆಯೂ ಪೂಜೆ ಅರ್ಪಿಸಬೇಕೆಂದು ಅದೇ ಧರ್ಮಸಭೆಯ ಕಾನೂನಿನ 945ನೇ ವಿಧಿ ಗುರುಗಳಿಗೆ ಒತ್ತಿ ಹೇಳುತ್ತದೆ. ಆಫೀಸಿನಲ್ಲಿ ರಸೀದಿ ಬರೆಯುವವರ ಹತ್ತಿರ ಕೇಳಬೇಡಿ, ಅವರು ಪುಸ್ತಕ ನೋಡಿ ಮಾತಾಡುತ್ತಾರೆ. ಸಂಜೆ ಹೋಗಿ ನೇರ ಫಾದರ್ ಹತ್ತಿರ ಹೇಳಿ. ಅಮ್ಮನ ಹೆಸರು ಮತ್ತು ತಾರೀಖನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.