ಹೆಲ್ಮೆಟ್, ಸೀಟ್ ಬೆಲ್ಟ್ ಬಿಟ್ಟು ಕೊಡಗಿನ ರಸ್ತೆಯಲ್ಲಿ ಗೊತ್ತಿಲ್ಲದೆ ದಂಡ ಬೀಳುವ ನಿಯಮಗಳು ಯಾವುವು?

ಮೊದಲನೆಯದು ಘಾಟಿಯದ್ದೇ. ಸಂಪಾಜೆ ಘಾಟಿಯಂಥ ಕಡೆ ಇಬ್ಬರಿಗೂ ಜಾಗ ಸಾಲದಿದ್ದರೆ ಇಳಿಯುವವರು ಬದಿಗೆ ನಿಂತು ಏರುವವರಿಗೆ ದಾರಿ ಬಿಡಬೇಕು. ಏರಿನಲ್ಲಿ ನಿಂತ ಲೋಡ್ ಲಾರಿ ಮತ್ತೆ ಹೊರಡುವಾಗ ಹಿಂದಕ್ಕೆ ಜಾರುತ್ತದೆ, ಕ್ಲಚ್ಚೂ ಸುಡುತ್ತದೆ. 2017ರ ಚಾಲನಾ ನಿಯಮಾವಳಿ ಮೀರಿದರೆ ಮೋಟಾರು ವಾಹನ ಕಾಯ್ದೆಯ ಕಲಂ 177ಎ ಪ್ರಕಾರ 500ರಿಂದ 1,000 ರೂಪಾಯಿ ದಂಡ. ಲೈಟ್ ಮಿಣುಕಿಸಿ ನುಗ್ಗಿದವರದ್ದೇ ದಾರಿ ಎಂಬುದು ಬರೀ ದಬ್ಬಾಳಿಕೆ.

ಅದೇ ಕಾಯ್ದೆಯ ಕಲಂ 126 ಅನೇಕರಿಗೆ ಗೊತ್ತೇ ಇಲ್ಲ. ಮಡಿಕೇರಿಯ ಇಳಿಜಾರಿನಲ್ಲಿ ಎಂಜಿನ್ ಚಾಲೂ ಇಟ್ಟು ಚಹಾ ತರಲು ಇಳಿದರೆ ಅದೂ ತಪ್ಪು. ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಇಲ್ಲವೇ ಎಂಜಿನ್ ಆಫ್ ಮಾಡಿ ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಮುಖ ಇಳಿಜಾರಿಗಿದ್ದರೆ ರಿವರ್ಸ್ ಗೇರ್ ಹಾಕಿ, ಟೈರಿಗೊಂದು ಕಲ್ಲು ಕೊಡಿ.

ಮಾಂದಲ್‌ಪಟ್ಟಿಗೆ ಜೀಪಿನ ಬಾನೆಟ್, ಟಾಪ್, ಫುಟ್‌ಬೋರ್ಡ್ ಮೇಲೆ ಹೋಗುವಂತಿಲ್ಲ: ಕಲಂ 123.

ಬೈಕಿನಲ್ಲಿ 9 ತಿಂಗಳಿಂದ 4 ವರ್ಷದೊಳಗಿನ ಮಗುವಿದ್ದರೆ ಸೇಫ್ಟಿ ಬೆಲ್ಟ್, ಹೆಲ್ಮೆಟ್ ಎರಡೂ ಬೇಕು, ವೇಗ 40 ಕಿ.ಮೀ. ಮೀರಬಾರದು.

ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ ದಂಡ 10,000 ರೂಪಾಯಿವರೆಗೆ. ತೋಟದ ರಸ್ತೆಯಲ್ಲಿ ಕಲಿಯಲಿ ಎಂದು 18 ತುಂಬದ, ಲೈಸೆನ್ಸ್ ಇಲ್ಲದ ಹುಡುಗನ ಕೈಗೆ ಕೀ ಕೊಟ್ಟು, ಅವನು ಮುಖ್ಯರಸ್ತೆಯಲ್ಲಿ ಸಿಕ್ಕಿಬಿದ್ದರೆ ಪೋಷಕರಿಗೆ 25,000, ಜೊತೆಗೆ 3 ವರ್ಷದವರೆಗೆ ಜೈಲು.